ಶಬ್ದದಿಂದ ಜೀವಕೋಶ ತೊಳೆಯುವುದು ಎಂದರೇನು?

528 ಹರ್ಟ್ಸ್ ಸಂಗೀತ ಕೇಳಿದರೆ ಡಿಎನ್‌ಎ ರಿಪೇರಿಯಾಗುತ್ತದೆ ಎನ್ನುವ ವಿಡಿಯೊಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಆ ಮಾತಿಗೆ ಆಧಾರವಿಲ್ಲ. ಹೀಗಿರುವಾಗ, ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ಜೀವಕೋಶಗಳನ್ನು ಶಬ್ದದ ಅಲೆಗಳಿಂದ ಬೇರ್ಪಡಿಸಿ ತೊಳೆಯಬಹುದು ಎಂದು ಎಲ್ಲಾದರೂ ಓದಿದರೆ ಇದೂ ಅದೇ ಜಾತಿಯದ್ದು ಅನ್ನಿಸುವುದು ಸಹಜ. ಆದರೆ ಇದು ಬೇರೆಯೇ ವಿಷಯ. ಇಲ್ಲಿ ಶಬ್ದ ಯಾವ ರೋಗವನ್ನೂ ವಾಸಿ ಮಾಡುವುದಿಲ್ಲ. ದೇಹದ ಹೊರಗೆ, ಒಂದು ಸಣ್ಣ ಕಾಲುವೆಯಲ್ಲಿ ಹರಿಯುವ ಕೋಶಗಳನ್ನು ಅತ್ತಿತ್ತ ಸರಿಸುವುದಷ್ಟೇ ಅದರ ಕೆಲಸ.

ಸರಿಸುವ ಅಗತ್ಯವಾದರೂ ಏನು? ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ಕೊಡುವ ಕಾರ್-ಟಿ ಚಿಕಿತ್ಸೆಯನ್ನೇ ನೋಡಿ. ರೋಗಿಯ ರಕ್ತದಿಂದ ಬಿಳಿ ರಕ್ತಕಣಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಟಿ-ಕೋಶಗಳನ್ನು ಆರಿಸಿ, ಕ್ಯಾನ್ಸರ್ ಕೋಶವನ್ನು ಗುರುತಿಸುವ ಹೊಸ ಜೀನ್ ಸೇರಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ಮತ್ತೆ ಅದೇ ರೋಗಿಗೆ ಕೊಡುತ್ತಾರೆ. ಅಮೆರಿಕ 2017ರಲ್ಲಿ ಇಂಥ ಮೊದಲ ಚಿಕಿತ್ಸೆಗೆ ಒಪ್ಪಿಗೆ ನೀಡಿದಾಗ ಅದರ ಬೆಲೆ 4,75,000 ಡಾಲರ್. ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯ ಸಹಯೋಗದಲ್ಲಿ ರೂಪುಗೊಂಡ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ 2025ರಲ್ಲಿ ಬಂತು. ಬೆಲೆ ಅಮೆರಿಕಕ್ಕಿಂತ ಎಷ್ಟೋ ಕಡಿಮೆಯಾದರೂ ಇನ್ನೂ ಹಲವು ಲಕ್ಷ ರೂಪಾಯಿಗಳಲ್ಲೇ ಇದೆ.

ಈ ತಯಾರಿಯಲ್ಲಿ ಕೋಶಗಳನ್ನು ಮತ್ತೆ ಮತ್ತೆ ತೊಳೆಯಬೇಕು. ಸಂಗ್ರಹಿಸಿದ ರಕ್ತದಲ್ಲಿರುವ ಪ್ಲೇಟ್‌ಲೆಟ್ ತೆಗೆಯಬೇಕು, ಬೆಳೆಸಿದ ದ್ರವ ಬದಲಿಸಬೇಕು, ಶೈತ್ಯದಲ್ಲಿಡಲು ಬೆರೆಸಿದ ಡಿಎಂಎಸ್‌ಒ ರಾಸಾಯನಿಕವನ್ನು ಕೆಲವೊಮ್ಮೆ ತೊಲಗಿಸಬೇಕು. ಇದಕ್ಕೆ ಸಾಮಾನ್ಯವಾಗಿ ಬಳಸುವುದು ಸೆಂಟ್ರಿಫ್ಯೂಜ್. ಅಕ್ಕಿ ತೊಳೆದ ಹಾಗೆಯೇ: ಗಿರಗಿರನೆ ತಿರುಗಿಸಿದರೆ ಕೋಶಗಳು ತಳಕ್ಕಿಳಿಯುತ್ತವೆ, ಮೇಲಿನ ನೀರು ಬಸಿದು ಹೊಸ ನೀರು ಹಾಕುತ್ತಾರೆ. ಅಕ್ಕಿ ತೊಳೆಯುವಾಗ ನಾಲ್ಕು ಕಾಳು ಹರಿದುಹೋದರೆ ಚಿಂತೆಯಿಲ್ಲ. ಆದರೆ ಹಲವು ಸುತ್ತು ಕೀಮೋಥೆರಪಿ ಆದ ರೋಗಿಯಲ್ಲಿ ಒಳ್ಳೆಯ ಟಿ-ಕೋಶ ಸಿಗುವುದೇ ಕಷ್ಟ. ಪ್ರತಿ ಬಾರಿ ತಳಕ್ಕೆ ಒತ್ತಿ, ಕದಡಿ, ಬಸಿಯುವಾಗ ಕೆಲವು ಸಾಯುತ್ತವೆ, ಕೆಲವು ಕಳೆದುಹೋಗುತ್ತವೆ. ತಯಾರಿ ಕೆಟ್ಟರೆ ಇನ್ನೊಮ್ಮೆ ಮಾಡುವಷ್ಟು ಸಮಯ ರೋಗಿಗೆ ಇರುತ್ತದೆಂದು ಹೇಳಲಾಗದು.

ಶಬ್ದ ಬರುವುದು ಇಲ್ಲಿ. ನಮ್ಮ ಕಿವಿ ಸೆಕೆಂಡಿಗೆ ಸುಮಾರು 20 ಸಾವಿರ ಕಂಪನಗಳವರೆಗೆ ಕೇಳುತ್ತದೆ. ಇಲ್ಲಿ ಬಳಸುವುದು 20 ಲಕ್ಷದ ಆಸುಪಾಸು, ಅಂದರೆ 2 ಮೆಗಾಹರ್ಟ್ಸ್. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುವುದರಿಂದ ಈ ಅಲೆಯ ಉದ್ದ 0.75 ಮಿಲಿಮೀಟರ್. ಕಾಲುವೆಯ ಅಗಲವನ್ನು ಸರಿಯಾಗಿ ಅದರ ಅರ್ಧಕ್ಕೆ ಇಟ್ಟರೆ ಎರಡು ಗೋಡೆಗಳ ನಡುವೆ ಅಲೆ ಮುಂದೆ ಸಾಗದೆ ನಿಂತಲ್ಲೇ ಏರಿಳಿಯುತ್ತದೆ. ಇದೇ ಸ್ಥಾಯೀ ತರಂಗ. ಗೋಡೆಗಳ ಬಳಿ ಒತ್ತಡ ಜೋರಾಗಿ ಏರಿಳಿಯುತ್ತದೆ, ಕಾಲುವೆಯ ನಡುವೆ ಏರಿಳಿತವೇ ಇರುವುದಿಲ್ಲ. ಜೀವಕೋಶಗಳು ನೀರಿಗಿಂತ ತುಸು ಹೆಚ್ಚು ಸಾಂದ್ರ, ತುಸು ಗಟ್ಟಿ. ಅವು ಆ ಶಾಂತವಾದ ನಡುಭಾಗಕ್ಕೆ ಸರಿಯುತ್ತವೆ. ಕೊಬ್ಬಿನ ಹನಿಗಳು ಇದಕ್ಕೆ ತದ್ವಿರುದ್ಧವಾಗಿ ಗೋಡೆಗೆ ಹೋಗುತ್ತವೆ.

ಸರಿಯುವ ವೇಗ ಗಾತ್ರವನ್ನು ಅವಲಂಬಿಸಿದೆ, ಅಡ್ಡಳತೆಯ ವರ್ಗಕ್ಕೆ ತಕ್ಕಂತೆ. ಟಿ-ಕೋಶದ ಅಡ್ಡಳತೆ ಸುಮಾರು 8 ಮೈಕ್ರೋಮೀಟರ್, ಪ್ಲೇಟ್‌ಲೆಟ್‌ನದು 2-3. ಹಾಗಾಗಿ ಟಿ-ಕೋಶ ಹೆಚ್ಚುಕಡಿಮೆ ಹತ್ತು ಪಟ್ಟು ಬೇಗ ನಡುವಿಗೆ ಬರುತ್ತದೆ, ಪ್ಲೇಟ್‌ಲೆಟ್ ಅಂಚಿನಲ್ಲೇ ಉಳಿಯುತ್ತದೆ. ಮೊರದಲ್ಲಿ ಕೇರಿದಂತೆ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ.

ತೊಳೆಯುವುದಕ್ಕೂ ಇದೇ ಉಪಾಯ. ಇಷ್ಟು ಕಿರಿದಾದ ಕಾಲುವೆಯಲ್ಲಿ ಅಕ್ಕಪಕ್ಕ ಹರಿಯುವ ದ್ರವಗಳು ಹೆಚ್ಚು ಬೆರೆಯುವುದಿಲ್ಲ. ಅಂಚುಗಳಲ್ಲಿ ಕೋಶವಿರುವ ಹಳೆಯ ದ್ರವ, ನಡುವೆ ಶುದ್ಧ ದ್ರವ ಹರಿಸಿ ಶಬ್ದ ಹಾಯಿಸಿದರೆ ಕೋಶಗಳು ಮಾತ್ರ ಶುದ್ಧ ದ್ರವಕ್ಕೆ ದಾಟುತ್ತವೆ. ಕೊನೆಯಲ್ಲಿ ಕಾಲುವೆ ಮೂರಾಗಿ ಕವಲೊಡೆದರೆ ಆಯಿತು. ಒಂದು ಎಚ್ಚರಿಕೆ ಬೇಕು: ನಡುವಿನ ದ್ರವ ಅಂಚಿನದ್ದಕ್ಕಿಂತ ಹಗುರವಾಗಿದ್ದರೆ ಶಬ್ದ ಕೋಶಗಳನ್ನಷ್ಟೇ ಅಲ್ಲ, ದ್ರವಗಳನ್ನೇ ಅದಲುಬದಲು ಮಾಡಿಬಿಡುತ್ತದೆ!

ಈಗ 528 ಹರ್ಟ್ಸ್ ಲೆಕ್ಕ ಹಾಕಿ. ನೀರಿನಲ್ಲಿ ಅದರ ಅಲೆಯ ಉದ್ದ ಸುಮಾರು 2.8 ಮೀಟರ್, ಆರಡಿ ಆಳಿಗಿಂತಲೂ ಉದ್ದ. ಒಂದು ಕೋಶದ ಈ ಬದಿಗೂ ಆ ಬದಿಗೂ ಒತ್ತಡದಲ್ಲಿ ವ್ಯತ್ಯಾಸವೇ ಇಲ್ಲವೆನ್ನಬಹುದು; ಇನ್ನು ತಳ್ಳುವ ಮಾತೆಲ್ಲಿ? ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಇದೇ ಮೆಗಾಹರ್ಟ್ಸ್ ಶಬ್ದ ಬಳಸುತ್ತಾರಲ್ಲ ಎಂದು ನೀವು ಕೇಳಬಹುದು. ಅಲ್ಲಿ ಕಳಿಸುವುದು ಅತಿ ಚಿಕ್ಕ ಮಿಡಿತಗಳನ್ನು. ಎರಡು ಗೋಡೆಗಳ ನಡುವೆ ನಿಂತ ಅಲೆ ಅಲ್ಲಿರುವುದಿಲ್ಲ.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಥಾಮಸ್ ಲಾರೆಲ್ ತಂಡ 2004ರಲ್ಲೇ ಈ ಬಗೆಯಲ್ಲಿ ರಕ್ತದಿಂದ ಕೊಬ್ಬಿನ ಹನಿಗಳನ್ನು ಬೇರ್ಪಡಿಸಿ ತೋರಿಸಿತ್ತು. ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಸೋರಿದ ರಕ್ತವನ್ನು ರೋಗಿಗೇ ಮರಳಿಸುವಾಗ ಅದರಲ್ಲಿರುವ ಕೊಬ್ಬಿನ ಹನಿ ಮಿದುಳಿನ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳಬಹುದೆಂಬ ಆತಂಕ ಅದರ ಹಿಂದಿತ್ತು.

ಅಂದಮೇಲೆ ಇದು ಎಲ್ಲ ಕಡೆ ಯಾಕೆ ಬಂದಿಲ್ಲ? ಮೊದಲ ತೊಡಕು ವೇಗ. ನಿಮಿಷಕ್ಕೆ 0.1 ಮಿಲಿಲೀಟರ್ ಹರಿಯುವ ಒಂದು ಕಾಲುವೆಯಲ್ಲಿ 150 ಮಿಲಿಲೀಟರ್ ಸಂಗ್ರಹ ಸಾಗಲು 25 ಗಂಟೆ ಬೇಕು. ಹಲವು ಕಾಲುವೆಗಳನ್ನು ಒಟ್ಟಿಗೆ ನಡೆಸುವುದು, ಅಥವಾ ದೊಡ್ಡ ಕೋಣೆಯಲ್ಲಿ ಕೋಶಗಳನ್ನು ಶಬ್ದದಿಂದ ತಡೆಹಿಡಿದು ದ್ರವವನ್ನು ಮಾತ್ರ ಮುಂದೆ ಬಿಡುವುದು, ಇವು ಪರಿಹಾರದ ಎರಡು ದಾರಿಗಳು. ಶಬ್ದ ಹುಟ್ಟಿಸುವ ಸ್ಫಟಿಕ ಬಿಸಿಯಾಗುತ್ತದೆ, ಅದನ್ನು ತಣಿಸಬೇಕು. ಇನ್ನು ಶಬ್ದಕ್ಕೆ ಗೊತ್ತಾಗುವುದು ಗಾತ್ರ, ಸಾಂದ್ರತೆ, ಗಡಸುತನ ಮಾತ್ರ. ಟಿ-ಕೋಶವನ್ನೂ ಅಷ್ಟೇ ಗಾತ್ರದ ಬಿ-ಕೋಶವನ್ನೂ ಅದು ಬೇರೆ ಮಾಡಲಾರದು. ಅದಕ್ಕೆ ಪ್ರತಿಕಾಯ ಅಂಟಿಸಿದ ಕಾಂತೀಯ ಮಣಿಗಳಂಥ ವಿಧಾನಗಳೇ ಬೇಕು.

ನನಗನ್ನಿಸುವ ಮಟ್ಟಿಗೆ ಭೌತವಿಜ್ಞಾನಕ್ಕಿಂತ ದೊಡ್ಡ ತಡೆ ಕಾಗದಪತ್ರದ್ದು. ಇಂಥ ಚಿಕಿತ್ಸೆಗಳಲ್ಲಿ ಕೋಶಗಳಿಗೆಷ್ಟೋ ಅವನ್ನು ತಯಾರಿಸುವ ವಿಧಾನಕ್ಕೂ ಅಷ್ಟೇ ಒಪ್ಪಿಗೆ ಬೇಕು. ಈಗಾಗಲೇ ಬಳಕೆಯಲ್ಲಿರುವ ಚಿಕಿತ್ಸೆಯಲ್ಲಿ ತೊಳೆಯುವ ಯಂತ್ರ ಬದಲಿಸಬೇಕಾದರೂ, ಹೊರಬರುವ ಕೋಶಗಳು ಮೊದಲಿನಷ್ಟೇ ಚೆನ್ನಾಗಿವೆ ಎಂದು ಔಷಧ ನಿಯಂತ್ರಕರಿಗೆ ತೋರಿಸಿಕೊಡಬೇಕಾಗುತ್ತದೆ.