ಒಡಲು ಅವಳದು, ಮಾತು ಯಾರದು?

ನಮ್ಮ ಸೀಮೆಯಲ್ಲಿ ಸೊಸೆಯು ಬಸುರಿಯಾದಳೆಂದರೆ ಮನೆಯ ಹಿರಿಯರೆಲ್ಲರ ಲಕ್ಷ್ಯವು ಅವಳ ಕಡೆಗೆ ತಿರುಗುವದು. ಬಯಕೆಯ ಊಟವೇನು, ಕುಬಸದ ಸೀರೆಯೇನು, ಬಾಣಂತನಕ್ಕೆಂದು ಮುಂಚಿತವಾಗಿಯೇ ಕೂಡಿಡುವ ಅಂಟು, ಉತ್ತತ್ತಿ, ಕೊಬ್ಬರಿಗಳೇನು! ಗೋಕಾಕ, ಹುಕ್ಕೇರಿ, ಮೂಡಲಗಿಗಳ ಯಾವ ಮನೆಯನ್ನು ಹೊಕ್ಕರೂ ಈ ಅಕ್ಕರೆಯು ಕಣ್ಣಿಗೆ ಬೀಳದೆ ಇರದು. ಇಷ್ಟೆಲ್ಲ ಉಪಚಾರ ಮಾಡುವ ನಾವು ಆ ಹೆಣ್ಣುಮಗಳನ್ನು ಒಂದು ಮಾತು ಮಾತ್ರ ಕೇಳುವದಿಲ್ಲ: 'ನಿನ್ನ ಮನಸ್ಸಿನಲ್ಲಿ ಏನಿದೆಯವ್ವಾ?' ವಾಚಕ ಭಗಿನಿಯರೇ, ಈ ತಿಂಗಳು ಆ ಒಂದು ಮಾತಿನ ವಿಚಾರವನ್ನೇ ಮಾಡೋಣ.

2022ನೆಯ ಇಸವಿಯ ಜೂನ್ ತಿಂಗಳಲ್ಲಿ ಮೂಡಲಗಿಯ ಚರಂಡಿಯಲ್ಲಿ ಡಬ್ಬಿಗಳೊಳಗೆ ತುಂಬಿ ಎಸೆದಿದ್ದ 7 ಭ್ರೂಣಗಳು ಸಿಕ್ಕವು. ಲಿಂಗಪತ್ತೆ ಮಾಡಿಸಿ ತೆಗೆಸಿದವುಗಳಿರಬೇಕೆಂದು ಆರೋಗ್ಯಾಧಿಕಾರಿಗಳು ಸಂಶಯಪಟ್ಟರು. ಸುದ್ದಿಯನ್ನು ಕೇಳಿ ನಾಡೆಲ್ಲ ಹೇಸಿತು. ಹೇಸಿದ್ದು ಸರಿಯೇ. ಆದರೆ ಆ ದಿನಗಳಲ್ಲಿ ಬಹು ಜನರ ಬಾಯಲ್ಲಿ ಬಂದ ಮಾತೊಂದಿತ್ತು: 'ಎಂಥ ತಾಯಂದಿರಪ್ಪ!' ಆ ಭ್ರೂಣಗಳನ್ನು ಹೊತ್ತಿದ್ದ ಹೆಂಗಸರು ಯಾರೆಂಬದನ್ನು ಹೀಗೆ ನುಡಿದವರು ಅರಿಯರು. ಅವರನ್ನು ಯಾರಾದರೂ ಕೇಳಿದ್ದರೇ, ಅವರು ಬೇಡವೆಂದು ಅತ್ತಿದ್ದರೇ ಎಂಬದನ್ನೂ ಅರಿಯರು. ಆದರೂ ತಪ್ಪು ಮಾತ್ರ ತಾಯಿಯ ಮೇಲೆಯೇ ಬಿತ್ತು.

ಈ ವಿಷಯದಲ್ಲಿ ನಮ್ಮ ಕಾಯಿದೆಯು ನಮಗಿಂತ ಹೆಚ್ಚು ತಿಳಿವಳಿಕೆಯುಳ್ಳದ್ದೆಂದು ಹೇಳಬೇಕಾಗುವದು. ಗರ್ಭಸ್ಥ ಶಿಶುವಿನ ಲಿಂಗಪತ್ತೆಯನ್ನು ನಿಷೇಧಿಸುವ 1994ನೆಯ ಇಸವಿಯ ಕಾಯಿದೆಯಲ್ಲಿ ಒಂದು ಕಲಮು ಇದೆ. ಬಸುರಿಯೊಬ್ಬಳು ಇಂಥ ಪರೀಕ್ಷೆಗೆ ಒಳಗಾದಳೆಂದರೆ, ಅದಕ್ಕೆ ವಿರುದ್ಧವಾದ ಸಾಕ್ಷ್ಯವು ಸಿಗುವ ವರೆಗೂ, ಗಂಡನೋ ಬಂಧುಗಳೋ ಅವಳನ್ನು ಬಲವಂತಪಡಿಸಿದರೆಂದೇ ನ್ಯಾಯಾಲಯವು ತಿಳಿಯತಕ್ಕದ್ದು. ಕಾಯಿದೆಯನ್ನು ಬರೆದವರು ನಮ್ಮ ಅಡಿಗೆಮನೆಯೊಳಗಿನ ಪಿಸುಮಾತುಗಳನ್ನು ಬಲ್ಲವರಾಗಿದ್ದರೆಂದು ತೋರುತ್ತದೆ. 'ಎರಡು ಹೆಣ್ಣಾದವು, ಈ ಸಲವಾದರೂ...' ಎಂದು ಅರ್ಧಕ್ಕೇ ನಿಲ್ಲಿಸುವ ಅತ್ತೆಯ ಮಾತಿಗೆ ಎಷ್ಟು ಭಾರವಿರುವದೆಂಬದು ಅದನ್ನು ಹೊತ್ತವಳಿಗೇ ಗೊತ್ತು.

ಇನ್ನೊಂದು ಕಥೆಯು ಕಡಲಾಚೆಯದು. ಆದರೆ ಅದರ ಬೇರು ನಮ್ಮ ಜಿಲ್ಲೆಯಲ್ಲಿಯೇ ಇದೆ. ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ ಎಂಬ ದಂತವೈದ್ಯೆಯು ಗಂಡನೊಡನೆ ಐರ್ಲೆಂಡಿನ ಗಾಲ್ವೇ ಎಂಬ ಊರಿನಲ್ಲಿದ್ದಳು. 2012ನೆಯ ಇಸವಿಯ ಅಕ್ಟೋಬರದಲ್ಲಿ, 17 ವಾರಗಳ ಬಸುರಿಯಾಗಿದ್ದಾಗ, ನೋವೆಂದು ದವಾಖಾನೆಗೆ ಹೋದಳು. ಅದು ಅವಳು ಬಯಸಿದ ಬಸಿರು. ಗರ್ಭವು ಇನ್ನು ಉಳಿಯದೆಂದು ತಿಳಿದ ಮೇಲೆ, ಅದನ್ನು ತೆಗೆದುಬಿಡಿರೆಂದು ಅವಳು ಬೇಡಿಕೊಂಡಳು. ಭ್ರೂಣದ ಎದೆಬಡಿತವು ಇರುವ ವರೆಗೂ ಹಾಗೆ ಮಾಡಲು ಆ ದೇಶದ ಕಾಯಿದೆಯು ಒಪ್ಪದೆಂದು ಉತ್ತರ ಬಂದಿತು. ಕಾಯುತ್ತಿದ್ದಾಗ ಮೈಗೆ ನಂಜೇರಿತು. ಅಕ್ಟೋಬರ 28ರಂದು, 31ನೆಯ ವಯಸ್ಸಿನಲ್ಲಿ, ಅವಳು ತೀರಿಕೊಂಡಳು.

ಐರ್ಲೆಂಡಿನ ಜನರಿಗೆ ಇದನ್ನು ಮರೆಯುವದಾಗಲಿಲ್ಲ. ತಾಯಿಯ ಜೀವಕ್ಕೂ ಭ್ರೂಣದ ಜೀವಕ್ಕೂ ಸಮಾನ ಹಕ್ಕೆಂದು 1983ನೆಯ ಇಸವಿಯಲ್ಲಿ ತಮ್ಮ ರಾಜ್ಯಘಟನೆಯಲ್ಲಿ ಸೇರಿಸಿಕೊಂಡಿದ್ದ ಕಲಮನ್ನು ಅವರು 2018ನೆಯ ಇಸವಿಯ ಮೇ 25ರಂದು ಮತ ಹಾಕಿ ತೆಗೆದುಹಾಕಿದರು. ಶೇಕಡಾ 66ಕ್ಕಿಂತ ಹೆಚ್ಚು ಮತಗಳು ಆ ಪಕ್ಷಕ್ಕೆ ಬಿದ್ದವು. ಮಗಳನ್ನು ಕಳೆದುಕೊಂಡ ತಂದೆಯು ಬೆಳಗಾವಿಯಿಂದಲೇ ಆ ದೇಶದ ಮತದಾರರಿಗೆ ವಿನಂತಿ ಮಾಡಿಕೊಂಡಿದ್ದರು.

ಮೂಡಲಗಿಯ ಸುದ್ದಿಯೂ ಗಾಲ್ವೇಯ ಸುದ್ದಿಯೂ ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧವೆನಿಸುವವು. ಒಂದರಲ್ಲಿ ಗರ್ಭವನ್ನು ತೆಗೆಸಿದರು, ಇನ್ನೊಂದರಲ್ಲಿ ತೆಗೆಯಲೊಲ್ಲೆವೆಂದರು. ಆದರೆ ಗಂಡುಮಗುವಿನ ಆಸೆಗಾಗಿ ಬಸುರಿಯನ್ನು ಎಳೆದೊಯ್ಯುವಲ್ಲಿಯೂ, ಸಾಯುತ್ತಿರುವವಳಿಗೆ ಕಾಯೆಂದು ಹೇಳುವಲ್ಲಿಯೂ ನಡೆಯುವದು ಒಂದೇ: ಒಡಲು ಯಾರದೋ ಅವಳ ಮಾತು ನಡೆಯುವದಿಲ್ಲ. 'ಬೇಡ' ಎನ್ನುವ ಹಕ್ಕೂ 'ಬೇಕು' ಎನ್ನುವ ಹಕ್ಕೂ ಒಂದೇ ನಾಣ್ಯದ ಎರಡು ಮುಖಗಳು. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಿಕೊಳ್ಳಲಾಗದು.

ನಮ್ಮ ದೇಶದ ಕಾಯಿದೆಯು ಏನು ಹೇಳುವದೆಂಬದನ್ನು ಪ್ರತಿಯೊಬ್ಬ ಗೃಹಿಣಿಯೂ ತಿಳಿದಿರಬೇಕು. 1971ನೆಯ ಇಸವಿಯ ಗರ್ಭಪಾತ ಕಾಯಿದೆಯನ್ನು 2021ರಲ್ಲಿ ತಿದ್ದಿದರು. ಬಸಿರಿನಿಂದ ಹೆಣ್ಣಿನ ಜೀವಕ್ಕೆ ಅಪಾಯವಾಗಲಿ, ದೇಹಕ್ಕೋ ಮನಸ್ಸಿಗೋ ಬಲವಾದ ಹಾನಿಯಾಗಲಿ ಇದ್ದರೆ, ಅಥವಾ ಶಿಶುವಿಗೆ ದೊಡ್ಡ ದೋಷವಿದ್ದರೆ, 20 ವಾರಗಳ ವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಗರ್ಭನಿರೋಧದ ಉಪಾಯವು ಫಲಿಸದೆ ನಿಂತ ಬಸಿರೂ ಇದರಲ್ಲಿ ಸೇರುವದು. ಬಲಾತ್ಕಾರಕ್ಕೊಳಗಾದವರು, ಅಪ್ರಾಪ್ತ ವಯಸ್ಸಿನವರು, ಬಸುರಿಯಿದ್ದಾಗಲೇ ವಿಧವೆಯರಾದವರು ಮೊದಲಾದವರಿಗೆ 24 ವಾರಗಳ ವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಹೆಣ್ಣಿನ ಜೀವವನ್ನು ಉಳಿಸಲು ಒಡನೆಯೇ ಮಾಡಬೇಕಾಗಿ ಬಂದಾಗ ಈ ವಾರಗಳ ಎಣಿಕೆಯೇ ಇಲ್ಲ. ಮದುವೆಯಾಗದವಳಿಗೂ ಮದುವೆಯಾದವಳಿಗೂ ಇದರಲ್ಲಿ ಭೇದ ಮಾಡಕೂಡದೆಂದು 2022ನೆಯ ಇಸವಿಯ ಸೆಪ್ಟೆಂಬರ 29ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ಎಲ್ಲಕ್ಕಿಂತ ಮುಖ್ಯವಾದುದು ಒಪ್ಪಿಗೆಯ ಮಾತು. 18 ವರುಷ ತುಂಬಿದ, ಬುದ್ಧಿ ಸ್ವಸ್ಥವಿರುವ ಹೆಂಗಸಿನ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿಯನ್ನಾಗಲಿ ಅತ್ತೆಮಾವಂದಿರ ಅಪ್ಪಣೆಯನ್ನಾಗಲಿ ಕಾಯಿದೆಯು ಕೇಳುವದಿಲ್ಲ. ಅವಳ ಒಪ್ಪಿಗೆಯಿಲ್ಲದೆ ಯಾರೂ ಗರ್ಭವನ್ನು ತೆಗೆಯುವಂತೆಯೂ ಇಲ್ಲ. ವೈದ್ಯರು ಅವಳ ಹೆಸರನ್ನು ಗುಟ್ಟಾಗಿಡತಕ್ಕದ್ದು. ಆದರೂ ಹೆಂಗಸೊಬ್ಬಳೇ ದವಾಖಾನೆಗೆ ಹೋದರೆ 'ಯಜಮಾನರು ಬಂದಿಲ್ಲವೇ?' ಎಂಬ ಪ್ರಶ್ನೆಯು ಮೊದಲು ಬರುವದುಂಟು. ಅದಕ್ಕೆ ಅಂಜಿ, ಮರ್ಯಾದೆಗೆ ಅಂಜಿ, ಅವಳು ಔಷಧದ ಅಂಗಡಿಯಿಂದ ಗುಟ್ಟಾಗಿ ಗುಳಿಗೆ ತರಿಸಿ ನುಂಗುವಳು. ವೈದ್ಯರ ದೇಖರೇಖೆಯಲ್ಲಿ 9 ವಾರಗಳೊಳಗೆ ಕೊಡುವ ಗುಳಿಗೆಗಳು ಅವು. ದಿನ ಮೀರಿದ್ದರೆ, ಅಥವಾ ಗರ್ಭವು ಕೋಶದ ಹೊರಗೆ ನಿಂತಿದ್ದರೆ, ಅವುಗಳನ್ನು ನಂಬಿ ಕುಳಿತವಳಿಗೆ ಜೀವಕ್ಕೇ ಸಂಚಕಾರ ಬಂದೀತು. ನಮ್ಮ ನಾಚಿಕೆಯ ಬೆಲೆಯನ್ನು ಅವಳು ರಕ್ತದಿಂದ ತೆರುವಳು.

ಗರ್ಭಪಾತವು ಪಾಪವೆಂದು ನಂಬಿದ ಹಿರಿಯರು ನಮ್ಮಲ್ಲಿ ಬಹಳ ಜನರಿರುವರು. ಅವರ ನಂಬಿಕೆಯನ್ನು ಹಳಿಯುವದು ಈ ಲೇಖನದ ಉದ್ದೇಶವಲ್ಲ. ಹಾಗೆ ನಂಬಿದ ಹೆಣ್ಣುಮಗಳು ತನ್ನ ಬಸಿರನ್ನು ಕಾಪಾಡಿಕೊಳ್ಳಲಿ. ಅವಳನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಒಬ್ಬಳ ನಂಬಿಕೆಯು ಇನ್ನೊಬ್ಬಳ ಕೈಕಾಲುಗಳಿಗೆ ಕಟ್ಟಾಗಬಾರದು. ಹೊತ್ತು ಹೆರುವ ನೋವು ಯಾರದೋ, ಸಾವಿನ ಬಾಗಿಲ ವರೆಗೆ ಹೋಗಿ ಬರುವವರು ಯಾರೋ, ಅವರ ಮಾತಿಗೆ ಮೊದಲ ಮಣೆ ಸಲ್ಲಬೇಕು.

ಅತ್ತೆಯಾದವರಿಗೆ ಒಂದು ಅರಿಕೆ. ನೀವೂ ಒಂದು ಕಾಲಕ್ಕೆ ಆ ಮನೆಯ ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕುಳಿತವರೇ. ನಿಮ್ಮನ್ನು ಅಂದು ಯಾರೂ ಕೇಳಲಿಲ್ಲವೆಂಬದು ಇಂದು ಸೊಸೆಯನ್ನು ಕೇಳದಿರಲು ಕಾರಣವಾಗಬಾರದು. ಮುಂದಿನ ಸಲ ಅವಳಿಗೆ ಊಟಕ್ಕೆ ಬಡಿಸುವಾಗ ಹತ್ತಿರ ಕುಳಿತು, 'ನಿನ್ನ ಮನಸ್ಸಿನಲ್ಲಿ ಏನಿದೆಯವ್ವಾ?' ಎಂದು ಕೇಳಿರಿ. ಕೇಳಿದ ಮೇಲೆ, ಅವಳು ಹೇಳಿ ಮುಗಿಸುವ ವರೆಗೆ ಸುಮ್ಮನಿರಿ.