ನೆಲಬಾಂಬು: ಇದು ದಾನವಲ್ಲ, ತೀರಿಸದ ಸಾಲ

2024ರ ಮಾರ್ಚ್ ತಿಂಗಳ ಕೊನೆಯಲ್ಲಿ ಅಫಘಾನಿಸ್ತಾನದ ಗಝ್ನಿ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಆಟವಾಡುತ್ತಿದ್ದ ಮಕ್ಕಳ ಕೈಗೆ ಹಳೆಯ ನೆಲಬಾಂಬೊಂದು ಸಿಕ್ಕಿತು. ಅದು ಸಿಡಿದು ಒಂಭತ್ತು ಮಕ್ಕಳು ಅಸುನೀಗಿದರು. ಬಾಂಬು ಸೋವಿಯತ್ ಆಕ್ರಮಣದ ಕಾಲದ್ದೆಂದು ಅಲ್ಲಿನ ಅಧಿಕಾರಿಗಳು ಹೇಳಿದರು. ಸೋವಿಯತ್ ಸೇನೆ ಆ ನೆಲವನ್ನು ತೊರೆದದ್ದು 1989ರಲ್ಲಿ. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಆದರೆ ಅದು ಹುಗಿದಿಟ್ಟು ಹೋದ ಸಾವು ಮೂವತ್ತೈದು ವರ್ಷ ಮಣ್ಣಿನೊಳಗೆ ಕಾದು ಕುಳಿತಿತ್ತು. ಆ ಯುದ್ಧ ನಡೆದಾಗ ಈ ಮಕ್ಕಳು ಹುಟ್ಟಿಯೇ ಇರಲಿಲ್ಲ. ಅವರ ಹೆತ್ತವರಲ್ಲಿ ಅನೇಕರು ಆಗಿನ್ನೂ ಮಕ್ಕಳಾಗಿದ್ದಿರಬೇಕು. ಈ ಸಾವಿನ ಲೆಕ್ಕವನ್ನು ಯಾರ ಹೆಸರಿನಲ್ಲಿ ಬರೆಯಬೇಕು?

ನೆಲಬಾಂಬಿನ ಸಮಸ್ಯೆಯ ತಿರುಳಿರುವುದು ಈ ಪ್ರಶ್ನೆಯಲ್ಲೇ. ಬಾಂಬು ತೆರವುಗೊಳಿಸುವುದನ್ನೂ ಸಂತ್ರಸ್ತರಿಗೆ ನೆರವಾಗುವುದನ್ನೂ ಜಗತ್ತು ಇಂದಿಗೂ ದಾನ-ಧರ್ಮದ ವ್ಯವಹಾರವೆಂದೇ ಭಾವಿಸಿದೆ. ಮನಸ್ಸಿದ್ದರೆ ಕೊಡಬಹುದು, ಮನಸ್ಸಿಲ್ಲದಾಗ ನಿಲ್ಲಿಸಬಹುದು. ನಿಜವಾಗಿ ಇದು ಸಾಲ. ಹುಗಿದವರು, ತಯಾರಿಸಿದವರು, ಮಾರಿ ಲಾಭ ಮಾಡಿಕೊಂಡವರು ತೀರಿಸಲೇಬೇಕಾದ ಸಾಲ.

1997ರ ಡಿಸೆಂಬರ್‌ನಲ್ಲಿ ಕೆನಡಾದ ಒಟ್ಟಾವಾದಲ್ಲಿ ನೆಲಬಾಂಬು ನಿಷೇಧ ಒಪ್ಪಂದಕ್ಕೆ ಸಹಿ ಬಿದ್ದಾಗ ಇದೊಂದು ಹೊಸ ಯುಗದ ಆರಂಭ ಎಂದು ಜನ ನಂಬಿದ್ದರು. ಅದೇ ವರ್ಷ ಜೋಡಿ ವಿಲಿಯಮ್ಸ್ ಮತ್ತು ಅವರು ಮುನ್ನಡೆಸಿದ ಆಂದೋಲನಕ್ಕೆ ನೊಬೆಲ್ ಶಾಂತಿ ಪಾರಿತೋಷಕವೂ ಸಂದಿತು. ಸದಸ್ಯ ರಾಷ್ಟ್ರವೊಂದು ತನ್ನ ನೆಲವನ್ನು ಹತ್ತು ವರ್ಷಗಳೊಳಗೆ ಬಾಂಬುಮುಕ್ತಗೊಳಿಸಬೇಕು, ಶಕ್ತಿಯಿರುವ ರಾಷ್ಟ್ರಗಳು ತೆರವಿಗೂ ಸಂತ್ರಸ್ತರ ಚಿಕಿತ್ಸೆ, ಪುನರ್ವಸತಿಗೂ ನೆರವಾಗಬೇಕು ಎಂದು ಒಪ್ಪಂದ ವಿಧಿಸಿತು. ಇದು ಕೇವಲ ಕಾಗದದ ಮಾತಾಗಿ ಉಳಿಯಲಿಲ್ಲ. ದಶಕಗಳ ಯುದ್ಧದಿಂದ ನಲುಗಿದ ಮೊಝಾಂಬಿಕ್, ಎರಡು ದಶಕಗಳ ನಿರಂತರ ದುಡಿಮೆಯ ಬಳಿಕ 2015ರಲ್ಲಿ ತಾನು ನೆಲಬಾಂಬುಮುಕ್ತ ಎಂದು ಘೋಷಿಸಿಕೊಂಡಿತು. ರಾಷ್ಟ್ರಗಳು ಕೈಜೋಡಿಸಿದರೆ ಇದು ಸಾಧ್ಯವೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆದರೆ ಒಪ್ಪಂದದಲ್ಲೊಂದು ದೊಡ್ಡ ಲೋಪವಿದೆ. ತೆರವುಗೊಳಿಸುವ ಹೊಣೆಯನ್ನು ಅದು ಬಾಂಬು ಇರುವ ನೆಲದ ಒಡೆಯನ ಹೆಗಲಿಗೆ ಹಾಕುತ್ತದೆಯೇ ಹೊರತು ಹುಗಿದವನ ಹೆಗಲಿಗಲ್ಲ. ಈಜಿಪ್ಟ್ ಹೊರಗುಳಿಯಲು ಕೊಡುತ್ತಾ ಬಂದ ಕಾರಣಗಳಲ್ಲಿ ಇದೂ ಒಂದು. 1942ರಲ್ಲಿ ಅಲ್ ಅಲಮೈನ್‌ನ ಮರಳಿನಲ್ಲಿ ಪರಸ್ಪರ ಕಾದಾಡಿದವರು ಬ್ರಿಟಿಷರು, ಜರ್ಮನರು ಮತ್ತು ಇಟಾಲಿಯನ್ನರು. ಕೈಕಾಲು ಕಳೆದುಕೊಳ್ಳುತ್ತಾ ಬಂದವರು ಈಜಿಪ್ಟಿನ ಕುರಿಗಾಹಿಗಳು! ಈ ದೂರಿನಲ್ಲಿ ನ್ಯಾಯವಿದೆ. ಆದರೆ ಅದನ್ನೇ ನೆಪವಾಗಿಸಿಕೊಂಡು ಒಪ್ಪಂದದಿಂದ ದೂರ ನಿಲ್ಲುವುದರಲ್ಲಿ ನ್ಯಾಯವಿಲ್ಲ. ಪರರು ಹುಗಿದ ಬಾಂಬಿನ ಬಗ್ಗೆ ದೂರುವವರು ತಾವು ಹುಗಿಯುವುದಿಲ್ಲ ಎಂದು ಮೊದಲು ಮಾತು ಕೊಡಬೇಡವೇ?

ದೊಡ್ಡ ರಾಷ್ಟ್ರಗಳ ಇಬ್ಬಂದಿತನಕ್ಕಂತೂ ಮಿತಿಯಿಲ್ಲ. ಅಮೆರಿಕವು ಒಟ್ಟಾವಾ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಆದರೂ ಬಾಂಬು ತೆರವಿಗೆ ಅತಿ ಹೆಚ್ಚು ಹಣ ನೀಡಿದ ದೇಶ ಅದುವೇ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಅದೇ ಅಮೆರಿಕ 2024ರ ನವೆಂಬರ್‌ನಲ್ಲಿ ಯುಕ್ರೇನ್‌ಗೆ ನೆಲಬಾಂಬು ಪೂರೈಸಲು ಒಪ್ಪಿತು. 2025ರ ಜನವರಿಯಲ್ಲಿ ವಿದೇಶಿ ನೆರವನ್ನೆಲ್ಲ ತಡೆಹಿಡಿದಾಗ ಹಲವು ದೇಶಗಳ ತೆರವು ಕಾರ್ಯ ಏಕಾಏಕಿ ಸ್ಥಗಿತಗೊಂಡಿತು. ರಶ್ಯಾ 2022ರಿಂದ ಯುಕ್ರೇನಿನ ಹೊಲಗಳಲ್ಲಿ ಬಾಂಬು ಬಿತ್ತುತ್ತಾ ಬಂದಿದೆ. ಅದರ ಭಯವನ್ನು ಮುಂದಿಟ್ಟು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ಫಿನ್‌ಲ್ಯಾಂಡ್ ಮತ್ತು ಪೋಲೆಂಡ್ 2025ರಲ್ಲಿ ಒಪ್ಪಂದದಿಂದ ಹೊರನಡೆಯುವ ತೀರ್ಮಾನ ಕೈಗೊಂಡವು. 2023ರ ಒಂದೇ ವರ್ಷದಲ್ಲಿ ನೆಲಬಾಂಬು ಮತ್ತು ಯುದ್ಧ ಉಳಿಸಿಹೋದ ಸ್ಫೋಟಕಗಳಿಂದ ಸತ್ತವರು, ಗಾಯಗೊಂಡವರ ದಾಖಲಾದ ಸಂಖ್ಯೆ 5,757. ಅವರಲ್ಲಿ ಬಹುಪಾಲು ಜನಸಾಮಾನ್ಯರು. ಬಾಂಬಿಗೆ ಸೈನಿಕನ ಬೂಟು ಯಾವುದು, ಹುಲ್ಲು ತರಲು ಹೋದ ತಾಯಿಯ ಪಾದ ಯಾವುದು ಎಂದು ತಿಳಿಯುವುದಿಲ್ಲ. ಗಡಿ ರಕ್ಷಣೆಯ ವಾದ ಮಂಡಿಸುವವರು ಇದಕ್ಕೆ ಉತ್ತರ ಕೊಡಲಿ.

ಪರರನ್ನು ದೂರಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಸೌದಿ ಅರೇಬಿಯಾ, ಇರಾನ್, ಪಾಕಿಸ್ತಾನಗಳು ಕೂಡ ಒಪ್ಪಂದದ ಹೊರಗಿವೆ. ಯಮನ್‌ನಲ್ಲಿ ಹೂಥಿಗಳು ಹುಗಿದ ಬಾಂಬುಗಳಿಗೆ ಬಲಿಯಾದವರು ಯಮನಿಗಳೇ. ಇನ್ನು ತಾಲಿಬಾನ್! ನೆಲಬಾಂಬು ಇಸ್ಲಾಮಿಗೂ ಮಾನವೀಯತೆಗೂ ವಿರುದ್ಧವೆಂದು ಮುಲ್ಲಾ ಉಮರ್ 1998ರಲ್ಲಿ ಸಾರಿದ್ದರು. 2001ರ ಬಳಿಕ ಅದೇ ತಾಲಿಬಾನಿನ ಹೋರಾಟಗಾರರು ತುಳಿದರೆ ಸಿಡಿಯುವ ನಾಡಬಾಂಬುಗಳನ್ನು ಅಫಘಾನಿಸ್ತಾನದ ರಸ್ತೆಗಳಲ್ಲಿ ಹುಗಿದರು. ಮದ್ದಿನ ಹೆಸರು ಬದಲಾದ ಮಾತ್ರಕ್ಕೆ ಪಾಪ ಬದಲಾಗುತ್ತದೆಯೇ?

ಆ ನಾಡಿನ ಘನತೆಯನ್ನು ಉಳಿಸಿದವರು ಬೇರೆಯೇ ಇದ್ದಾರೆ. ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಮೊಣಕಾಲೂರಿ ಅಂಗುಲ ಅಂಗುಲ ನೆಲವನ್ನು ತಡವಿ ಬಾಂಬು ಕೀಳುತ್ತಿರುವವರಲ್ಲಿ ಹೆಚ್ಚಿನವರು ಅಫಘಾನರೇ. 2021ರ ಜೂನ್‌ನಲ್ಲಿ ಬಘ್ಲಾನ್ ಪ್ರಾಂತ್ಯದಲ್ಲಿ ಬಂದೂಕುಧಾರಿಗಳು ಅಂತಹ ಹತ್ತು ಮಂದಿಯನ್ನು ಅವರ ಶಿಬಿರದಲ್ಲೇ ಕೊಂದರು. ಕಾಬೂಲಿನಲ್ಲಿ ರೆಡ್‌ಕ್ರಾಸ್ 1988ರಲ್ಲಿ ತೆರೆದ ಕೃತಕ ಅಂಗಾಂಗ ಕೇಂದ್ರದಲ್ಲಿ ಕೆಲಸ ಮಾಡುವವರ ಪೈಕಿ ಹೆಚ್ಚಿನವರು ಸ್ವತಃ ಅಂಗವಿಕಲರು. ಕಾಲು ಕಳೆದುಕೊಂಡವರೇ ಇನ್ನೊಬ್ಬರಿಗೆ ಕಾಲು ಜೋಡಿಸುತ್ತಾರೆ. ಬೆಳೆಯುವ ಮಗುವಿಗೆ ಕೃತಕ ಕಾಲನ್ನು ಮತ್ತೆ ಮತ್ತೆ ಬದಲಿಸಬೇಕು. ಅಂದರೆ ಸಂತ್ರಸ್ತರ ನೆರವು ಒಂದು ದಿನದ ಛಾಯಾಚಿತ್ರಕ್ಕೆ ಮುಗಿಯುವುದಲ್ಲ, ಅದು ಜೀವಮಾನದ ಹೊಣೆ. ಹೀಗಿದ್ದೂ 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಅಧಿಕಾರಕ್ಕೆ ಮರಳಿದ ಬಳಿಕ ದಾನಿ ರಾಷ್ಟ್ರಗಳು ತೆರವು ಕಾರ್ಯದಿಂದಲೂ ಕೈ ಹಿಂದೆಗೆದವು. ಆಳುವವರ ಮೇಲಿನ ಸಿಟ್ಟನ್ನು ಹಳ್ಳಿಯ ಮಕ್ಕಳ ಕಾಲುಗಳ ಮೇಲೆ ತೀರಿಸಿಕೊಳ್ಳುವುದು ಯಾವ ನೀತಿ?

ನಮ್ಮ ದೇಶದ ನಿಲುವನ್ನೂ ಪ್ರಶ್ನಿಸಬೇಕಾಗಿದೆ. ಜಗತ್ತಿನ ನೆಲಬಾಂಬು ಸಂತ್ರಸ್ತರಿಗೆ ಭಾರತ ಕೊಟ್ಟ ಕೊಡುಗೆ ಜೈಪುರ ಕಾಲು. ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಥಿ 1960ರ ದಶಕದಲ್ಲಿ ರೂಪಿಸಿದ ಈ ಅಗ್ಗದ ಕಾಲನ್ನು ಧರಿಸಿ ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಹೊಲದಲ್ಲಿ ದುಡಿಯಬಹುದು. ಅಫಘಾನಿಸ್ತಾನದಲ್ಲಿ ಸಾವಿರಾರು ಮಂದಿ ಅದರ ಬಲದಿಂದ ಎದ್ದು ನಿಂತರು. ಯುದ್ಧಾನಂತರ ಉತ್ತರ ಶ್ರೀಲಂಕಾದಲ್ಲಿ ಬಾಂಬು ತೆರವಿಗೆ ಭಾರತ ತನ್ನ ಖರ್ಚಿನಲ್ಲೇ ತಂಡಗಳನ್ನು ಕಳುಹಿಸಿತು. ಆದರೆ 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿ ನಡೆದ ಬಳಿಕ ‘ಆಪರೇಶನ್ ಪರಾಕ್ರಮ್’ ಹೆಸರಿನಲ್ಲಿ ಜಮ್ಮು, ಪಂಜಾಬ್ ಮಾತ್ರವಲ್ಲ, ಜೈಪುರ ಕಾಲು ಹುಟ್ಟಿದ ಅದೇ ರಾಜಸ್ಥಾನದ ಗಡಿ ಹೊಲಗಳಲ್ಲೂ ನೆಲಬಾಂಬು ಹುಗಿಯಲಾಯಿತು. ಯುದ್ಧ ನಡೆಯಲೇ ಇಲ್ಲ. ಸತ್ತವರು, ಅಂಗಹೀನರಾದವರು ನಮ್ಮದೇ ರೈತರು, ನಮ್ಮದೇ ಸೈನಿಕರು. ಒಂದು ಕೈಯಲ್ಲಿ ಕಾಲು ಕೊಟ್ಟು ಇನ್ನೊಂದು ಕೈಯಲ್ಲಿ ಕಾಲು ಕೀಳುವ ಈ ವಿಪರ್ಯಾಸಕ್ಕೆ ಏನೆನ್ನಬೇಕು?

ಗಡಿ ಉದ್ದವಾಗಿದೆ, ಬದಲಿ ಅಸ್ತ್ರವಿಲ್ಲ ಎಂಬುದು ಸರಕಾರಗಳ ಹಳೆಯ ವಾದ. ದೀರ್ಘ ಯುದ್ಧ ಕಂಡ ಶ್ರೀಲಂಕಾ 2017ರಲ್ಲಿ ಒಪ್ಪಂದ ಸೇರಿತು. ಬಾಂಗ್ಲಾದೇಶ, ಭೂತಾನ್, ಮಾಲ್ದೀವ್ಸ್ ಅದಕ್ಕೂ ಮೊದಲೇ ಸೇರಿದ್ದವು. ಭಾರತ ಮತ್ತು ಪಾಕಿಸ್ತಾನ ಒಟ್ಟಿಗೇ ಸಹಿ ಹಾಕಿದರೆ ಯಾರ ಗಡಿಯೂ ದುರ್ಬಲವಾಗದು. ಆ ಪ್ರಸ್ತಾಪವನ್ನು ಮುಂದಿಡುವ ನೈತಿಕ ಧೈರ್ಯ ಜೈಪುರ ಕಾಲಿನ ನಾಡಿಗೆ ಇರಬೇಕು. ಹುಗಿದವನೇ ತೆರವಿನ ವೆಚ್ಚ ಭರಿಸಬೇಕು, ಸಂತ್ರಸ್ತನಿಗೆ ಜೀವಮಾನವಿಡೀ ನೆರವು ಕೊಡಬೇಕು ಎಂಬ ನಿಯಮವನ್ನು ಅಂತಾರಾಷ್ಟ್ರೀಯ ವೇದಿಕೆಯಲ್ಲಿ ಎತ್ತುವ ಹಕ್ಕೂ ಸಹಿ ಹಾಕಿದ ಬಳಿಕವೇ ಅದಕ್ಕೆ ಸಿಗುತ್ತದೆ.

ಸಾಲಗಾರ ಸತ್ತರೂ ಸಾಲ ಸಾಯುವುದಿಲ್ಲ, ವಾರಸುದಾರರು ತೀರಿಸಬೇಕು ಎಂಬುದು ನಮ್ಮ ಮನೆಮನೆಯಲ್ಲೂ ಒಪ್ಪಿತವಾದ ಮಾತು. ರಾಷ್ಟ್ರಗಳಿಗೆ ಮಾತ್ರ ಇದರಿಂದ ವಿನಾಯಿತಿಯೇ? ಗಝ್ನಿಯ ಆ ಒಂಭತ್ತು ಮಕ್ಕಳು ಯಾರಲ್ಲೂ ಸಾಲ ಮಾಡಿರಲಿಲ್ಲ. ಆದರೂ ತೀರಿಸಿದವರು ಅವರೇ.