ಆಘಾತವೂ ಕಾರ್ಟಿಸಾಲೂ
ಭೀಕರ ಆಘಾತ ಕಂಡವರ ಮೈಯಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಉಕ್ಕುತ್ತಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. 1980ರ ದಶಕದಲ್ಲಿ, ಪಿಟಿಎಸ್‌ಡಿಯಿಂದ, ಅಂದರೆ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆಯಿಂದ, ನರಳುತ್ತಿದ್ದ ವಿಯೆಟ್ನಾಂ ಯುದ್ಧದ ಅಮೆರಿಕನ್ ಯೋಧರ ಮೂತ್ರ ಪರೀಕ್ಷಿಸಿದಾಗ ಕಂಡದ್ದು ಬೇರೆ: ಮೈಯನ್ನು ಕಟ್ಟೆಚ್ಚರದಲ್ಲಿಡುವ ನಾರ್‌ಅಡ್ರಿನಲಿನ್ ಹೆಚ್ಚು, ಕಾರ್ಟಿಸಾಲ್ ಕಡಿಮೆ. ಅಪಾಯ ಕಳೆದ ಮೇಲೆ ಮೈಯ ಗಾಬರಿಗೆ ಕಡಿವಾಣ ಹಾಕುವುದೂ ಇದೇ ಕಾರ್ಟಿಸಾಲ್. ನಾಜಿ ಹತ್ಯಾಕಾಂಡದಿಂದ ಬದುಕುಳಿದು ಪಿಟಿಎಸ್‌ಡಿಗೆ ತುತ್ತಾದವರಲ್ಲೂ ಕಾರ್ಟಿಸಾಲ್ ಕಡಿಮೆ ಇದ್ದುದನ್ನು ಸಂಶೋಧಕಿ ರೇಚಲ್ ಯೆಹೂದಾ ಕಂಡರು. ಎಲ್ಲ ಅಧ್ಯಯನಗಳೂ ಒಪ್ಪುವುದಿಲ್ಲ. ಒಂದು ರಕ್ತಪರೀಕ್ಷೆಯಿಂದ ಈ ಕಾಯಿಲೆಯನ್ನು ಗುರುತಿಸಲಾಗದು, ವರದಿ ತೋರಿಸಿ ನರಳುವವರ ಬಾಯಿ ಮುಚ್ಚಿಸುವುದಂತೂ ಕ್ರೌರ್ಯ. ಆದರೂ ಯೆಹೂದಾ ತಂಡದ 2005ರ ಅಧ್ಯಯನ ನನ್ನನ್ನು ಬಹಳ ಕಾಡಿದೆ. 2001ರ ಸೆಪ್ಟೆಂಬರ್ 11ರ ದಾಳಿಯನ್ನು ಹತ್ತಿರದಿಂದ ಕಂಡ ಬಸುರಿಯರಲ್ಲಿ ಪಿಟಿಎಸ್‌ಡಿಗೆ ತುತ್ತಾದವರ ಹಸುಗೂಸುಗಳ ಜೊಲ್ಲಿನಲ್ಲೂ ಕಾರ್ಟಿಸಾಲ್ ಕಡಿಮೆಯಿತ್ತು. ಆ ದಿನ ಬಸಿರಿನ ಕೊನೆಯ ಮೂರು ತಿಂಗಳಲ್ಲಿದ್ದವರ ಮಕ್ಕಳಲ್ಲಿ ಇದು ಇನ್ನಷ್ಟು ಸ್ಪಷ್ಟವಾಗಿತ್ತು.